ಖಾಲಿ ಬಾಟಲಿಗೆ ಐದು ಸೆಂಟು: ಒಬ್ಬ ಶಾಸಕರಿಗೆ ಬಂದ ಫೋನಿನಿಂದ ಶುರುವಾದ ಕಾಯ್ದೆ

ನಾನು ಚಿಕ್ಕವನಿದ್ದಾಗ ನೆಂಟರು ಬಂದರೆ ಅಂಗಡಿಗೆ ಓಡಿ ಗಾಜಿನ ಬಾಟಲಿಯ ಕೂಲ್‌ಡ್ರಿಂಕ್ಸ್ ತರುವುದು ನನ್ನ ಕೆಲಸ. ಖಾಲಿ ಬಾಟಲಿ ಕೊಟ್ಟರೆ ತುಂಬಿದ್ದು ಸಿಗುತ್ತಿತ್ತು. ಖಾಲಿ ಇಲ್ಲ ಅಂದ್ರೆ ಡೆಪಾಸಿಟ್ ಇಡಬೇಕಿತ್ತು. ಅಂಗಡಿಯವರು ಚೀಟಿ ಕೂಡ ಬರೆಯುತ್ತಿರಲಿಲ್ಲ. "ಬಾಟ್ಲಿ ಸಂಜೆಯೊಳಗೆ ತಂದ್ಕೊಡು ಮರಿ" ಅನ್ನುತ್ತಿದ್ದರು, ಅಷ್ಟೆ. ನೆಂಟರು ಕುಡಿದು ಮುಗಿಸುವವರೆಗೂ ನನ್ನ ಕಣ್ಣು ಬಾಟಲಿ ಮೇಲೇ ಇರುತ್ತಿತ್ತು. ವಾಪಸ್ ಬಂದ ದುಡ್ಡಲ್ಲಿ ಅಮ್ಮ ಒಂದು ಪೆಪ್ಪರ್‌ಮೆಂಟಿನಷ್ಟು ನನಗೆ ಬಿಡುತ್ತಿದ್ದರು.

ಆ ಬಾಟಲಿಗಳು ಯಾವತ್ತೂ ಚರಂಡಿಯಲ್ಲಿ ಕಾಣಲಿಲ್ಲ. ಅದರ ಮೇಲೆ ದುಡ್ಡಿತ್ತು, ಅದಕ್ಕೆ.

ಇದೇ ವಿಷಯವನ್ನು ಕಾಯ್ದೆಯಾಗಿ ಬರೆದು, ಅದು ಬಿದ್ದುಹೋದಾಗ ಕೈಬಿಡದೆ, ಕೊನೆಗೆ ಗೆದ್ದ ಒಂದು ಜಾಗವಿದೆ. ಅಮೆರಿಕದ ಪಶ್ಚಿಮ ಕರಾವಳಿಯ ಆರೆಗನ್ ರಾಜ್ಯ. ಅಲ್ಲಿನ 'ಬಾಟಲ್ ಬಿಲ್' 1971ರದ್ದು. ಬಿಯರ್ ಮತ್ತು ಸೋಡಾದ ಬಾಟಲಿ, ಡಬ್ಬಿಗಳಿಗೆ ಕಡ್ಡಾಯ ಡೆಪಾಸಿಟ್ ತಂದ ಅಮೆರಿಕದ ಮೊದಲ ರಾಜ್ಯ ಅದು. ಹಿಲ್ಸ್‌ಬರೋ, ಬೀವರ್ಟನ್ ಕಡೆ ಚಿಪ್ ಮತ್ತು ಸಾಫ್ಟ್‌ವೇರ್ ಕೆಲಸಕ್ಕೆ ಹೋದ ನಮ್ಮವರಿಗೆ ಇದು ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಅಂಗಡಿ ಬಿಲ್ಲಿನಲ್ಲಿ ಪ್ರತಿ ಬಾಟಲಿಗೂ 10 ಸೆಂಟು ಜಾಸ್ತಿ ಬಿದ್ದಿರುತ್ತದೆ. ಡಬ್ಬಿಯ ಮುಚ್ಚಳ ನೋಡಿದರೆ ರಾಜ್ಯದ ಹೆಸರಿನ ಎರಡಕ್ಷರ, ಪಕ್ಕದಲ್ಲಿ '10 ಸೆಂಟು' ಅಂತ ಅಚ್ಚಾಗಿರುತ್ತದೆ.

ಅಮೆರಿಕದಲ್ಲೂ ಮೊದಲು ನಮ್ಮ ಹಾಗೆಯೇ ಇತ್ತು. ಸೋಡಾ, ಬಿಯರ್, ಹಾಲು ಎಲ್ಲ ಗಾಜಿನ ಬಾಟಲಿಯಲ್ಲಿ. ಕಂಪನಿಯವರೇ ಡೆಪಾಸಿಟ್ ಇಡಿಸಿಕೊಂಡು, ಖಾಲಿ ಬಾಟಲಿ ವಾಪಸ್ ತರಿಸಿ, ತೊಳೆದು ಮತ್ತೆ ತುಂಬುತ್ತಿದ್ದರು. ಕಾನೂನೇನೂ ಬೇಕಿರಲಿಲ್ಲ. ಬಾಟಲಿ ಅವರ ಆಸ್ತಿ, ಕಳೆದುಕೊಂಡರೆ ಅವರಿಗೇ ನಷ್ಟ. 1935ರಲ್ಲಿ ಬಿಯರ್ ಡಬ್ಬಿಗೆ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಒಮ್ಮೆ ಕುಡಿದು ಎಸೆಯುವ ಬಾಟಲಿಗಳು ಬಂದವು. ದೊಡ್ಡ ಹೆದ್ದಾರಿಗಳಾದವು, ಸೂಪರ್ ಮಾರ್ಕೆಟ್‌ಗಳಾದವು. ದೂರದ ದೊಡ್ಡ ಕಾರ್ಖಾನೆಗೆ ಖಾಲಿ ಬಾಟಲಿ ಹೊತ್ತು ತರುವುದೇ ಖರ್ಚು. ವಾಪಸ್ ತರಬೇಕಿಲ್ಲ ಅನ್ನುವುದೇ ಜಾಹೀರಾತಾಯಿತು. 1960ರ ದಶಕದ ಹೊತ್ತಿಗೆ ರಸ್ತೆ ಬದಿ, ಹೊಳೆ ದಂಡೆ, ಕಡಲ ತೀರ ಎಲ್ಲ ಕಡೆ ಗಾಜು ಮತ್ತು ಡಬ್ಬಿ.

ಅದರ ಜೊತೆಗೆ ಇನ್ನೊಂದು ಪುಟ್ಟ ಪೀಡೆ. ಆಗಿನ ಡಬ್ಬಿಯ ಮುಚ್ಚಳದಲ್ಲಿ ಎಳೆದರೆ ಕಿತ್ತು ಬರುವ ಉಂಗುರವಿತ್ತು. ಉಂಗುರದ ತುದಿಗೆ ಎಲೆಯಂತೆ ಬಾಗಿದ ತೆಳುವಾದ ತಗಡು. ಕಿತ್ತವರು ಅದನ್ನು ಅಲ್ಲೇ ಬಿಸಾಕುತ್ತಿದ್ದರು. ಮರಳಿನಲ್ಲಿ ಹೂತರೆ ಕಾಣುತ್ತಿರಲಿಲ್ಲ. ಬರಿಗಾಲಲ್ಲಿ ಓಡುವ ಮಕ್ಕಳ ಅಂಗಾಲಿಗೆ ಬ್ಲೇಡಿನ ಹಾಗೆ ತಾಗುತ್ತಿತ್ತು.

ಆರೆಗನ್ನಿನವರಿಗೆ ಕಡಲ ತೀರ ಅಂದರೆ ಸುಮ್ನೆ ಒಂದು ಪಿಕ್‌ನಿಕ್ ಜಾಗ ಅಲ್ಲ. 1967ರಲ್ಲಿ ಅವರು ದೊಡ್ಡ ಜಗಳ ಮಾಡಿಯೇ ಒಂದು ಕಾಯ್ದೆ ತಂದು, ಇಡೀ ತೀರದಲ್ಲಿ ಓಡಾಡುವ ಹಕ್ಕು ಜನರದ್ದು ಎಂದು ಉಳಿಸಿಕೊಂಡಿದ್ದರು. ಹೀಗೆ ಉಳಿಸಿಕೊಂಡ ಮರಳಲ್ಲಿ ಗಾಜು ಚುಚ್ಚಿದರೆ ಸಿಟ್ಟು ಬರದೇ ಇರುತ್ತದಾ?

ಆ ಸಿಟ್ಟು ಬಂದವರಲ್ಲಿ ಒಬ್ಬರು ರಿಚರ್ಡ್ ಚೇಂಬರ್ಸ್. ರಾಜಕಾರಣಿ ಅಲ್ಲ. ರಾಜಧಾನಿ ಸೇಲಮ್‌ನಲ್ಲಿದ್ದ, ಸಲಕರಣೆ ಮಾರುವ ಕೆಲಸದ ಸಾಮಾನ್ಯ ಮನುಷ್ಯ. ಬೆಟ್ಟ, ಕಡಲು ಅಂತ ತುಂಬ ನಡೆಯುವವರು, ನಡೆದಲ್ಲೆಲ್ಲ ಬಿದ್ದ ಕಸ ಹೆಕ್ಕುವವರು. 1968ರಲ್ಲಿ, ಉತ್ತರಕ್ಕಿರುವ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಎಸೆಯುವ ಬಾಟಲಿಗಳನ್ನು ತಡೆಯುವ ಯೋಚನೆ ನಡೆದಿದೆ ಅನ್ನುವ ಸುದ್ದಿ ಓದಿದರು. ಓದಿ ಸುಮ್ಮನಿರಲಿಲ್ಲ. ಕರಾವಳಿಯ ಟಿಲಮೂಕ್ ಕಡೆಯ ಶಾಸಕ ಪಾಲ್ ಹ್ಯಾನೆಮನ್ ಅವರಿಗೆ ಫೋನ್ ಮಾಡಿದರು.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಜಾಗ ಇದು. ಶಾಸಕರಿಗೆ ದಿನಾ ಫೋನ್ ಬರುತ್ತದೆ. ವರ್ಗಾವಣೆ, ಲೈಸೆನ್ಸು, ರಸ್ತೆ, ನೀರು. "ಆಯ್ತು, ನೋಡೋಣ" ಅಂದು ಇಟ್ಟುಬಿಡುವುದು ಸುಲಭ. ಹ್ಯಾನೆಮನ್ ಹಾಗೆ ಮಾಡಲಿಲ್ಲ. ಅವರ ಕಡೆಯ ಊರುಗಳು ಹಸು ಮತ್ತು ಮೀನು ನಂಬಿದವು. ಟಿಲಮೂಕ್ ಅಂದರೆ ಇವತ್ತಿಗೂ ಅಮೆರಿಕದಲ್ಲಿ ಚೀಸ್ ನೆನಪಾಗುತ್ತದೆ. ಕಾರಿನಿಂದ ಎಸೆದ ಬಾಟಲಿ ಬೇಲಿ ದಾಟಿ ಹುಲ್ಲುಗಾವಲಿಗೆ ಬಿದ್ದರೆ ಹಸುವಿನ ಗೊರಸಿಗೂ ಅಪಾಯ, ಟ್ರ್ಯಾಕ್ಟರ್ ಟೈರಿಗೂ ಅಪಾಯ. ಚೇಂಬರ್ಸ್ ಹೇಳಿದ ಕಷ್ಟ ಅವರ ಮತದಾರರ ಕಷ್ಟವೂ ಆಗಿತ್ತು.

1969ರ ಅಧಿವೇಶನದಲ್ಲಿ ಹ್ಯಾನೆಮನ್ ಮಸೂದೆ ಮಂಡಿಸಿದರು. ಬಿದ್ದುಹೋಯಿತು. ಬಾಟಲಿ ಕಂಪನಿ, ಡಬ್ಬಿ ಕಂಪನಿ, ಬಿಯರ್ ಮತ್ತು ಸೋಡಾ ಕಂಪನಿ, ದಿನಸಿ ಅಂಗಡಿಯವರು, ಕಾರ್ಖಾನೆಯ ಕಾರ್ಮಿಕ ಸಂಘಗಳು, ಎಲ್ಲರೂ ಎದುರು ನಿಂತಿದ್ದರು. ಕೆಲಸ ಹೋಗುತ್ತದೆ ಅಂದರು, ಬೆಲೆ ಏರುತ್ತದೆ ಅಂದರು. ಅಂಗಡಿ ತುಂಬ ಗಲೀಜು ಬಾಟಲಿ ರಾಶಿ ಬೀಳುತ್ತದೆ, ಇರುವೆ, ಜಿರಳೆ ಬರುತ್ತದೆ ಅಂದರು. ಅಂಗಡಿಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸಿಹಿ ಅಂಟಿದ ಬಾಟಲಿ ಇಡಲು ಜಾಗ ಬೇಕು, ಎಣಿಸಲು ಜನ ಬೇಕು. ಅದರ ಭಾರ ಬಿದ್ದದ್ದು ನಿಜವಾಗಿಯೂ ಅವರ ಮೇಲೆ. ಅವರಿಗೆ ಅದಕ್ಕೆ ಬೇರೆ ಕೂಲಿಯನ್ನೂ ಕಾಯ್ದೆ ಕೊಡಲಿಲ್ಲ.

ದೊಡ್ಡ ಕಂಪನಿಗಳ ಇನ್ನೊಂದು ವಾದ ಮಾತ್ರ ಸರಿಯಲ್ಲ. ಕಸ ಹಾಕುವುದು ಜನ, ಬಾಟಲಿ ತಾನಾಗಿ ಬೀಳುವುದಿಲ್ಲ, ಆದ್ದರಿಂದ ಜನರಿಗೆ ಬುದ್ಧಿ ಹೇಳಿ ಅನ್ನುವುದು ಆ ವಾದ. 1953ರಲ್ಲಿ ವರ್ಮಾಂಟ್ ರಾಜ್ಯ ಎಸೆಯುವ ಬಿಯರ್ ಬಾಟಲಿಗಳನ್ನು ಕೆಲ ವರ್ಷಗಳ ಮಟ್ಟಿಗೆ ನಿಷೇಧಿಸಿತು. ಅದೇ ವರ್ಷ ಡಬ್ಬಿ ಮತ್ತು ಬಾಟಲಿ ಕಂಪನಿಗಳು ಸೇರಿ 'ಕೀಪ್ ಅಮೆರಿಕ ಬ್ಯೂಟಿಫುಲ್' ಅನ್ನುವ ಸಂಸ್ಥೆ ಕಟ್ಟಿದ್ದವು. ಜಾಹೀರಾತು, ಪೋಸ್ಟರು, ಶಾಲೆಯಲ್ಲಿ ಪಾಠ, ಎಲ್ಲವೂ ಆಯಿತು. ರಸ್ತೆ ಬದಿಯ ರಾಶಿ ಮಾತ್ರ ಬೆಳೆಯುತ್ತಲೇ ಹೋಯಿತು.

ಆಗ ಆರೆಗನ್ನಿನ ಶಾಸನಸಭೆ ಎರಡು ವರ್ಷಕ್ಕೊಮ್ಮೆ ಕೂರುತ್ತಿತ್ತು. 1969ರಲ್ಲಿ ಸೋತರೆ 1971ರವರೆಗೆ ಕಾಯಬೇಕು. ಚೇಂಬರ್ಸ್ ಆ ಎರಡು ವರ್ಷ ಕಾಗದ ಬರೆದರು. ಬೇರೆ ಊರಿನಲ್ಲಿ ಏನು ಮಾಡಿದ್ದಾರೆ, ಯಾವ ಕಂಪನಿ ಏನು ಹೇಳುತ್ತದೆ ಎಂದು ಕಲೆಹಾಕಿದರು. ಹೆಸರು ಹೊರಗೆ ಬರುವುದು ಅವರಿಗೆ ಬೇಕಿರಲಿಲ್ಲ. ಗವರ್ನರ್ ಟಾಮ್ ಮೆಕಾಲ್ ಕೂಡ ಈ ಹೊತ್ತಿಗೆ ಮಸೂದೆಯ ಪರ ನಿಂತರು. ಹ್ಯಾನೆಮನ್, ಮೆಕಾಲ್ ಇಬ್ಬರೂ ರಿಪಬ್ಲಿಕನ್ ಪಕ್ಷದವರು. ಪರಿಸರದ ಕಾಯ್ದೆ ಅಂದರೆ ಇಂಥದ್ದೇ ಪಕ್ಷದ್ದು ಅನ್ನುವ ಗೆರೆ ಆಗ ಅಲ್ಲಿ ಇರಲಿಲ್ಲ.

1971ರಲ್ಲಿ ಮಸೂದೆ ಪಾಸಾಯಿತು. ಜುಲೈ 2ರಂದು ಮೆಕಾಲ್ ಸಹಿ ಹಾಕಿದರು. 1972ರ ಅಕ್ಟೋಬರ್ 1ರಿಂದ ಜಾರಿ. ಕಿತ್ತು ಬರುವ ಉಂಗುರದ ಡಬ್ಬಿಯೂ ಅವತ್ತಿನಿಂದ ಬಂದ್.

ಕಾಯ್ದೆ ಓದಿದರೆ ಬಹಳ ಸರಳ. ವಿತರಕರು ಅಂಗಡಿಯವರಿಂದ ಬಾಟಲಿಗೆ 5 ಸೆಂಟು ಹಿಡಿಯುತ್ತಾರೆ. ಅಂಗಡಿಯವರು ಗ್ರಾಹಕರಿಂದ ಹಿಡಿಯುತ್ತಾರೆ. ಗ್ರಾಹಕರು ಖಾಲಿ ತಂದರೆ ಅಂಗಡಿಯವರು 5 ಸೆಂಟು ಕೊಡಲೇಬೇಕು. ಆ ದುಡ್ಡನ್ನು ಅವರು ವಿತರಕರಿಂದ ವಾಪಸ್ ಪಡೆಯುತ್ತಾರೆ. ಸರ್ಕಾರದ ಕೈ ದುಡ್ಡನ್ನು ಮುಟ್ಟುವುದೇ ಇಲ್ಲ. ಯಾರೂ ವಾಪಸ್ ತಾರದ ಬಾಟಲಿಯ ಹಣ ವಿತರಕರಲ್ಲೇ ಉಳಿಯುತ್ತದೆ. ಇದರಲ್ಲಿ ಇನ್ನೊಂದು ಜಾಣತನವೂ ಇತ್ತು. ಹಲವು ಕಂಪನಿಗಳು ತೊಳೆದು ಮತ್ತೆ ಬಳಸಬಹುದಾದ ಒಂದೇ ಅಳತೆಯ ಬಾಟಲಿಗೆ ಡೆಪಾಸಿಟ್ 2 ಸೆಂಟು ಮಾತ್ರ. ಅಂಥ ಬಾಟಲಿ ಕಡೆಗೆ ಕಂಪನಿಗಳನ್ನು ಮೆಲ್ಲಗೆ ಎಳೆಯುವ ಆಸೆ.

ಕಂಪನಿಗಳು ಕೋರ್ಟಿಗೆ ಹೋದವು. 1973ರಲ್ಲಿ ಆರೆಗನ್ನಿನ ಮೇಲ್ಮನವಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ರಸ್ತೆ ಬದಿಯ ಉತ್ತರ ಅದಕ್ಕಿಂತ ಸ್ಪಷ್ಟವಾಗಿತ್ತು. ಕಾಯ್ದೆಗೆ ಮೊದಲು ರಸ್ತೆ ಬದಿಯ ಕಸದಲ್ಲಿ ಪಾನೀಯದ ಬಾಟಲಿ, ಡಬ್ಬಿಗಳ ಪಾಲು ಸುಮಾರು ಶೇ. 40. 1973ರಲ್ಲಿ ಅದು ಶೇ. 10.8ಕ್ಕೆ ಬಂತು. 1979ರಲ್ಲಿ ಶೇ. 6. ಆರೆಗನ್ನಿನ ಜನ ಒಂದೇ ವರ್ಷದಲ್ಲಿ ಬದಲಾಗಿಬಿಟ್ಟರು ಅಂತ ನಾನು ನಂಬುವುದಿಲ್ಲ. ಎಸೆಯುವವರು ಎಸೆದೇ ಇರುತ್ತಾರೆ. ಹೆಕ್ಕುವವರು ಹುಟ್ಟಿಕೊಂಡರು. ಮಕ್ಕಳು, ನಿವೃತ್ತರು, ದುಡ್ಡಿನ ಅಡಚಣೆ ಇರುವವರು. ಬಿದ್ದ ಬಾಟಲಿ ಯಾರದೋ ಕೈಗೆ ಬರುವ ದುಡ್ಡಾಯಿತು.

ಚೇಂಬರ್ಸ್ 1974ರಲ್ಲಿ ತೀರಿಕೊಂಡರು. ಆರೆಗನ್ನಿನ ಹಿಂದೆಯೇ ವರ್ಮಾಂಟ್, ಆಮೇಲೆ ಮೇನ್, ಮಿಶಿಗನ್, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಹೀಗೆ ಒಂದೊಂದಾಗಿ ಬಂದು ಈಗ ಇಂಥ ಕಾಯ್ದೆ ಇರುವ ರಾಜ್ಯಗಳು ಒಟ್ಟು 10. ಐವತ್ತರಲ್ಲಿ ಹತ್ತು ಕಡಿಮೆಯೇ. ಕಂಪನಿಗಳ ವಿರೋಧ ಎಲ್ಲೂ ನಿಲ್ಲಲಿಲ್ಲ.

ಒಂದು ಕಾಯ್ದೆ ಹಳೆಯದಾಗುವುದು ಹೇಗೆ ಅನ್ನುವುದನ್ನೂ ಆರೆಗನ್ನಿನಲ್ಲೇ ನೋಡಬೇಕು. 1971ರಲ್ಲಿ ಬಾಟಲಿ ನೀರು ಅನ್ನುವ ವ್ಯಾಪಾರ ಯಾರ ತಲೆಯಲ್ಲೂ ಇರಲಿಲ್ಲ. ಹಾಗಾಗಿ ಕಾಯ್ದೆಯಲ್ಲೂ ಇರಲಿಲ್ಲ. ಪ್ಲಾಸ್ಟಿಕ್ ನೀರಿನ ಬಾಟಲಿ ಬಂದು ಗುಡ್ಡೆ ಬಿದ್ದರೂ ಅದಕ್ಕೆ ಡೆಪಾಸಿಟ್ ಇಲ್ಲ. 1996ರಲ್ಲಿ ಇದನ್ನು ಸೇರಿಸಲು ಜನಮತಕ್ಕೆ ಹೋದಾಗ ಸೋಲಾಯಿತು. ಇನ್ನೊಂದು ಕಡೆ 5 ಸೆಂಟು 5 ಸೆಂಟಾಗೇ ಕೂತಿತ್ತು. 1971ರ 5 ಸೆಂಟಿನ ಬೆಲೆ 2017ರ ಹೊತ್ತಿಗೆ ಸುಮಾರು 30 ಸೆಂಟಿಗೆ ಸಮ. ಅಂದರೆ ಬಾಟಲಿ ಮೇಲಿನ ದುಡ್ಡು ಆರರಲ್ಲಿ ಒಂದು ಪಾಲಾಗಿತ್ತು. ನಮ್ಮಲ್ಲಿ ನಾಲ್ಕಾಣೆಗೆ ಆದ ಗತಿಯೇ ಅದಕ್ಕೂ ಆಗುತ್ತಿತ್ತು. 2014ರಲ್ಲಿ ವಾಪಸ್ ಬಂದದ್ದು ನೂರಕ್ಕೆ 68, 2015ರಲ್ಲಿ ಸುಮಾರು 64.

ಇಲ್ಲಿ ಕಥೆಗೆ ಎರಡನೇ ಶಾಸಕರು ಬರುತ್ತಾರೆ. ಸೇಲಮ್‌ನ ವಿಕ್ಕಿ ಬರ್ಗರ್. ಅವರೂ ರಿಪಬ್ಲಿಕನ್. 2003ರಿಂದ ಸುಮಾರು ಹನ್ನೆರಡು ವರ್ಷ ಸದನದಲ್ಲಿದ್ದರು. ರಿಚರ್ಡ್ ಚೇಂಬರ್ಸ್ ಅವರ ಮಗಳು. ಅಪ್ಪ ಫೋನ್ ಮಾಡಿ ಶಾಸಕರನ್ನು ಎಬ್ಬಿಸಿದರು, ಮಗಳು ತಾನೇ ಆ ಸದನದಲ್ಲಿ ಕೂತು ಅಪ್ಪನ ಕಾಯ್ದೆಯನ್ನು ದುರಸ್ತಿ ಮಾಡಿದರು. 2007ರಲ್ಲಿ ನೀರಿನ ಬಾಟಲಿ ಸೇರಿತು, 2009ರಿಂದ ಜಾರಿಗೆ ಬಂತು. 2011ರ ತಿದ್ದುಪಡಿ ಇನ್ನೂ ಮುಖ್ಯ. ಬಾಟಲಿಗಳ ವಾಪಸಾತಿ ಸತತ ಎರಡು ವರ್ಷ ಶೇ. 80ಕ್ಕಿಂತ ಕೆಳಗಿದ್ದರೆ ಡೆಪಾಸಿಟ್ ತಾನಾಗಿಯೇ 10 ಸೆಂಟಾಗಬೇಕು ಅಂತ ಬರೆದಿಟ್ಟರು. ಮತ್ತೊಂದು ಮತದಾನ ಬೇಡ, ಮತ್ತೊಂದು ಲಾಬಿ ಜಗಳ ಬೇಡ.

ಹಾಗೆಯೇ ಆಯಿತು. 2017ರ ಏಪ್ರಿಲ್ 1ರಿಂದ 10 ಸೆಂಟು. ಎರಡು ವರ್ಷ ಕಳೆಯುವುದರೊಳಗೆ ವಾಪಸಾತಿ ಮತ್ತೆ ಶೇ. 80 ದಾಟಿತು. 2018ರಿಂದ ಚಹಾ, ಕಾಫಿ, ಹಣ್ಣಿನ ರಸದ ಬಾಟಲಿಗಳೂ ಸೇರಿದವು. ತೊಳೆದು ತುಂಬುವ ಗಾಜಿನ ಬಾಟಲಿ ಕೂಡ ಅದೇ ವರ್ಷ ಅಲ್ಲಿ ಮತ್ತೆ ಕಾಣಿಸಿಕೊಂಡಿತು. ಈಗ ವಿತರಕರೇ ಸೇರಿ ನಡೆಸುವ ಕೇಂದ್ರಗಳಿವೆ. ಮನೆಯಲ್ಲಿ ಹಸಿರು ಚೀಲ ತುಂಬಿ, ಮೇಲೆ ಸ್ಟಿಕ್ಕರ್ ಅಂಟಿಸಿ ಹಾಕಿ ಬಂದರೆ ಹಣ ಖಾತೆಗೆ ಬೀಳುತ್ತದೆ. ಚೀಲ ಬೇಡ ಅನ್ನುವವರು ಯಂತ್ರದ ಬಾಯಿಗೆ ಒಂದೊಂದಾಗಿ ಹಾಕುತ್ತಾರೆ. ಅದು ಬಾರ್‌ಕೋಡ್ ನೋಡಿ ಎಣಿಸುತ್ತದೆ. ಡಬ್ಬಿ ನಜ್ಜುಗುಜ್ಜಾಗಿದ್ದರೆ ತಗೊಳ್ಳದೇ ಹೋಗಬಹುದು, ಅದಕ್ಕೇ ತಿಳಿದವರು ತುಳಿಯದೆ ತರುತ್ತಾರೆ.

ತೊಂದರೆ ಇಲ್ಲ ಅಂತಲ್ಲ. ಬಾಟಲಿ ಹೆಕ್ಕಿ ದಿನ ದೂಡುವ ಬಡವರು ಪೋರ್ಟ್‌ಲೆಂಡ್ ನಗರದ ಮಧ್ಯದ ಅಂಗಡಿಗಳ ಮುಂದೆ ಸೇರುತ್ತಾರೆ. ಆ ದುಡ್ಡು ಮಾದಕ ವಸ್ತುವಿಗೆ ಹೋಗುತ್ತದೆ ಅನ್ನುವ ದೂರು ಕೆಲ ವರ್ಷಗಳಿಂದ ಜೋರಾಗಿದೆ. ಯಾವ ಅಂಗಡಿ ಎಷ್ಟು ಹೊತ್ತು ಬಾಟಲಿ ತೆಗೆದುಕೊಳ್ಳಬೇಕು ಅನ್ನುವುದು ಮತ್ತೆ ಸದನದ ಚರ್ಚೆಯಾಯಿತು. ನನಗೆ ಅನ್ನಿಸುವುದು ಇಷ್ಟೆ: ಬೆನ್ನು ಬಗ್ಗಿಸಿ ಊರಿನ ಕಸ ಹೆಕ್ಕಿದವರಿಗೆ 10 ಸೆಂಟು ಕೊಡುವ ಕೌಂಟರು ದೂರ ಆಗಬಾರದು. ಇನ್ನೊಂದು ತೊಂದರೆ ಗಡಿಯದ್ದು. ಕೊಲಂಬಿಯಾ ನದಿ ದಾಟಿದರೆ ವಾಷಿಂಗ್ಟನ್ ರಾಜ್ಯ, ಅಲ್ಲಿ ಡೆಪಾಸಿಟ್ ಇಲ್ಲ. ಡೆಪಾಸಿಟ್ ಕಟ್ಟದ ಡಬ್ಬಿಗಳು ಸೇತುವೆ ದಾಟಿ ಬಂದು ದುಡ್ಡು ಕೇಳುತ್ತವೆ.

ಗಡಿ ಅಂದಾಗ ನನಗೆ ಬಂಡೀಪುರದ ರಸ್ತೆ ಕಣ್ಣಿಗೆ ಬರುತ್ತದೆ. ನೀಲಗಿರಿಯ ಕಾಡಿನಲ್ಲಿ ಎಸೆದ ಮದ್ಯದ ಬಾಟಲಿ ಒಡೆದು ಆನೆಗಳ ಕಾಲಿಗೆ ಚುಚ್ಚುತ್ತಿದೆ ಅನ್ನುವ ವಿಷಯ ಮದ್ರಾಸ್ ಹೈಕೋರ್ಟಿಗೆ ಹೋಯಿತು. ಕೋರ್ಟಿನ ಒತ್ತಾಯದ ಮೇಲೆ 2022ರ ಮೇ ತಿಂಗಳಿಂದ ನೀಲಗಿರಿ ಜಿಲ್ಲೆಯ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಜಾಸ್ತಿ ಹಿಡಿಯುತ್ತಾರೆ. ಖಾಲಿ ತಂದರೆ ವಾಪಸ್. ಬಹುಪಾಲು ಬಾಟಲಿಗಳು ವಾಪಸ್ ಬರುತ್ತಿವೆ. ಕೇರಳ 2025ರಲ್ಲಿ ತನ್ನ ಕೆಲವು ಮದ್ಯದಂಗಡಿಗಳಲ್ಲಿ 20 ರೂಪಾಯಿ ಡೆಪಾಸಿಟ್ ಶುರು ಮಾಡಿತು.

ಗುಂಡ್ಲುಪೇಟೆಯಿಂದ ಹೊರಟರೆ ಬಂಡೀಪುರ ದಾಟಿ ಕೆಕ್ಕನಹಳ್ಳ ಚೆಕ್‌ಪೋಸ್ಟ್ ಸಿಗುತ್ತದೆ. ಅದರಾಚೆ ಮುದುಮಲೈ. ಎರಡೂ ಕಡೆ ಒಂದೇ ಕಾಡು, ಅವೇ ಆನೆಗಳು. ಆಚೆ ಕೊಂಡ ಬಾಟಲಿಯ ಮೇಲೆ 10 ರೂಪಾಯಿ ಇದೆ. ಈಚೆ ಕೊಂಡದ್ದರ ಮೇಲೆ ಸದ್ಯ ಏನೂ ಇಲ್ಲ. ಚಾಮರಾಜನಗರ ಜಿಲ್ಲೆಯ ಯಾವ ಶಾಸಕರಿಗಾದರೂ ಸರಿ, ಒಂದು ಫೋನ್ ಮಾಡಿ ಕೇಳಬಹುದಾದ ವಿಷಯ ಇದು. ನಾನಂತೂ ಕಾಗದ ಬರೆಯುತ್ತಿದ್ದೇನೆ.