ಲೇಸಿಕ್: ಸವೆಸಿದ ಮೇಲೆ ಕಾರ್ನಿಯಾ ಎಷ್ಟು ಉಳಿಯುತ್ತದೆ?

ಅಕ್ಕನ ಮದುವೆ ನಿಶ್ಚಯವಾದಾಗ, ಅವಳ ಕನ್ನಡಕ ಹೇಗಾದರೂ ತೆಗೆಸಬೇಕೆಂದು ಮನೆಯಲ್ಲಿ ಮಾತು ಶುರುವಾಯಿತು. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮಂಗಳೂರಿಗೆ ಹೋದೆವು. ಮೊದಲು ಹೋದ ಕಡೆ ಪವರ್ ನೋಡಿ, ಅದೇ ವಾರ ಲೇಸಿಕ್‌ಗೆ, ಅಂದರೆ ಪವರ್ ಇಳಿಸುವ ಲೇಸರ್ ಆಪರೇಷನ್‌ಗೆ, ದಿನ ಕೊಟ್ಟರು. ಎರಡನೇ ಕಡೆ ಅರ್ಧ ದಿನ ಸ್ಕ್ಯಾನ್ ಮಾಡಿ ಬೇಡ ಎಂದರು. "ಎಷ್ಟೋ ಜನ ಮಾಡಿಸಿಕೊಳ್ತಾರೆ, ಇವಳಿಗೆ ಮಾತ್ರ ಯಾಕೆ ಆಗುವುದಿಲ್ಲ?" ಎಂದು ಅಮ್ಮ ಕೇಳಿದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಆಪ್ಟೋಮೆಟ್ರಿ (ಕಣ್ಣಿನ ಪರೀಕ್ಷೆಯ ಓದು) ಕ್ಲಾಸಿನಲ್ಲಿ ಆ ಪಾಠ ಬಂದಿದೆ. ನನ್ನ ಹಾಗೆ ಕನ್ನಡ ಮೀಡಿಯಂನಲ್ಲಿ ಕಲಿತು ಬಂದವರಿಗಾಗಿ ಈ ಟಿಪ್ಪಣಿ.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಕರಿಗುಡ್ಡೆಯ ಮೇಲೆ ವಾಚಿನ ಗಾಜಿನ ಹಾಗೆ ಕೂತಿರುವ ಪದರವೇ ಕಾರ್ನಿಯಾ. ನಡುವಿನಲ್ಲಿ ಅದರ ದಪ್ಪ ಸರಾಸರಿ 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಲೇಸಿಕ್‌ನಲ್ಲಿ ಮೇಲಿನ ತೆಳು ಪದರವನ್ನು ಮುಚ್ಚಳದಂತೆ ಬಿಡಿಸಿ ಮಡಚುತ್ತಾರೆ. ಇದೇ ಫ್ಲ್ಯಾಪ್. ಕೆಳಗಿನ ಭಾಗವನ್ನು ಎಕ್ಸೈಮರ್ ಲೇಸರ್ ಸವೆಸುತ್ತದೆ. ಆಮೇಲೆ ಮುಚ್ಚಳವನ್ನು ವಾಪಸ್ ಕೂರಿಸುತ್ತಾರೆ. ಈ ಲೇಸರ್ 193 ನ್ಯಾನೋಮೀಟರ್‌ನ ಅತಿನೇರಳೆ ಬೆಳಕು. ಸುತ್ತಮುತ್ತ ಸುಡದೆ ತೆಳುವಾಗಿ ಕೆತ್ತುತ್ತದೆ. ಮದ್ರಾಸಿನಲ್ಲಿ ಓದಿ ಐಬಿಎಂ ಸೇರಿದ್ದ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಸಂಗಡಿಗರು 1981ರಲ್ಲಿ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಮೇಲೆ ಇದನ್ನು ಪರೀಕ್ಷಿಸಿ ನೋಡಿದ್ದರು.

ಸವೆಸಿದ್ದು ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಮುಖ್ಯ ಪ್ರಶ್ನೆ, ಎಷ್ಟು ಉಳಿಯುತ್ತದೆ ಎನ್ನುವುದು. ಇದಕ್ಕೆ ಒಂದು ಸುಲಭ ಲೆಕ್ಕ ಇದೆ. 6 ಮಿಲಿಮೀಟರ್ ಅಗಲದ ಜಾಗದಲ್ಲಿ ಒಂದು ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವ ಮಾನ) ಪವರ್ ಇಳಿಸಲು ಸುಮಾರು 12 ಮೈಕ್ರಾನ್ ತೆಗೆಯಬೇಕು. ಮೆಷಿನ್‌ಗಳು ಇದಕ್ಕಿಂತ ಸ್ವಲ್ಪ ಜಾಸ್ತಿಯೇ ತೆಗೆಯುವುದುಂಟು. ಕಲಿಯಲಿಕ್ಕೆ ಇಷ್ಟು ಸಾಕು.

ದಪ್ಪ 540, ಪವರ್ ಮೈನಸ್ 5 ಅಂದುಕೊಳ್ಳಿ. ಲೇಸರ್‌ಗೆ 60, ಫ್ಲ್ಯಾಪ್‌ಗೆ 110. ಕೆಳಗೆ 370 ಉಳಿಯಿತು. ಕನಿಷ್ಠ 250 ಉಳಿಯಲೇಬೇಕು ಎನ್ನುವುದು ಹಳೆಯ ನಿಯಮ. 300 ಬೇಕು ಎನ್ನುವ ಡಾಕ್ಟರುಗಳೂ ತುಂಬಾ ಜನ ಇದ್ದಾರೆ. ಇಲ್ಲಿ ಎರಡಕ್ಕೂ ತೊಂದರೆ ಇಲ್ಲ.

ಈಗ ಅಕ್ಕನ ಬಲಗಣ್ಣು. ದಪ್ಪ 488, ಪವರ್ ಮೈನಸ್ 7.5. ಲೇಸರ್‌ಗೆ 90, ಫ್ಲ್ಯಾಪ್‌ಗೆ 110, ಒಟ್ಟು 200. ಉಳಿದದ್ದು 288. ಹಳೆಯ ನಿಯಮದ ಪ್ರಕಾರ ಪಾಸ್! ಆದರೆ ಒಟ್ಟು ದಪ್ಪದಲ್ಲಿ ನೂರಕ್ಕೆ ಎಷ್ಟು ಪಾಲು ಕದಲಿಸಿದೆವು ಎಂದೂ ನೋಡಬೇಕು. 488ರಲ್ಲಿ 200 ಎಂದರೆ ಶೇ. 41. ಈ ಪಾಲು 40ಕ್ಕೆ ಮುಟ್ಟಿದರೆ ಅಪಾಯ ಹೆಚ್ಚು. ಫ್ಲ್ಯಾಪನ್ನು ಯಾಕೆ ಸೇರಿಸಬೇಕು, ಅದು ವಾಪಸ್ ಕೂರುತ್ತದಲ್ವಾ ಎಂದು ನನಗೂ ಅನಿಸಿತ್ತು. ಕೂರುತ್ತದೆ, ಆದರೆ ಮೊದಲಿನ ಹಾಗೆ ಭಾರ ಹೊರುವುದಿಲ್ಲ. ಕಾರ್ನಿಯಾದ ಮುಂಭಾಗವೇ ಹೆಚ್ಚು ಗಟ್ಟಿ. ಕತ್ತರಿಸುವುದೂ ಅಲ್ಲೇ.

ಮಿತಿ ಮೀರಿದರೆ ಏನಾಗುತ್ತದೆ? ಒಳಗಿನ ಒತ್ತಡಕ್ಕೆ ಕಾರ್ನಿಯಾ ನಿಧಾನವಾಗಿ ಮುಂದಕ್ಕೆ ಉಬ್ಬುತ್ತದೆ. ಇದಕ್ಕೆ ಎಕ್ಟೇಸಿಯಾ ಎನ್ನುತ್ತಾರೆ. ಅಪರೂಪ, ಆದರೆ ತಿಂಗಳು, ವರ್ಷ ಕಳೆದ ಮೇಲೂ ಬರಬಹುದು. ಕನ್ನಡಕ ಹಾಕಿದರೂ ದೃಷ್ಟಿ ಸರಿಹೋಗದಿರಬಹುದು. ಕೆರಟೊಕೋನಸ್ ಎಂಬ ಕಾಯಿಲೆಯಲ್ಲಿ ಈ ಉಬ್ಬು ತಾನಾಗಿಯೇ ಬರುತ್ತದೆ. ಅದು ಬಚ್ಚಿಟ್ಟುಕೊಂಡಿರುವ ಕಣ್ಣಿಗೆ ಲೇಸಿಕ್ ಮಾಡಿದರೆ ದೊಡ್ಡ ಅನಾಹುತ. ಅದಕ್ಕೇ ಕಾರ್ನಿಯಾದ ಆಕಾರ ಅಳೆಯುವ ಟೋಪೋಗ್ರಫಿ ಸ್ಕ್ಯಾನ್. ಕಣ್ಣು ಉಜ್ಜುವ ಅಭ್ಯಾಸ ಇದೆಯಾ ಎಂದೂ ಕೇಳಬೇಕು. ಅಕ್ಕನಿಗೆ ಇತ್ತು. ಸ್ಕ್ಯಾನ್‌ಗೆ ಮುಂಚೆ ಕಾಂಟ್ಯಾಕ್ಟ್ ಲೆನ್ಸ್ ನಿಲ್ಲಿಸಿರಬೇಕು, ಇಲ್ಲದಿದ್ದರೆ ಅಳತೆಯೇ ತಪ್ಪು ಬರುತ್ತದೆ. ಸ್ಕ್ಯಾನ್ ನೋಡದೆ ದಿನ ಕೊಡುವ ಕಡೆ ದಯವಿಟ್ಟು ಯಾರನ್ನೂ ಕಳಿಸಬೇಡಿ.

ಎಲ್ಲಕ್ಕಿಂತ ಸಾಮಾನ್ಯ ತೊಂದರೆ ಕಣ್ಣು ಒಣಗುವುದು. ಫ್ಲ್ಯಾಪ್ ಕತ್ತರಿಸುವಾಗ ಕಾರ್ನಿಯಾದ ನರಗಳೂ ತುಂಡಾಗುತ್ತವೆ. ಕಣ್ಣೀರು ಬೇಕು ಎಂಬ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೇರಿ ನಡೆಸಿದ ಪ್ರೌಲ್ ಅಧ್ಯಯನದಲ್ಲಿ, ಮೊದಲು ಒಣಗಣ್ಣಿನ ತೊಂದರೆ ಇಲ್ಲದವರಲ್ಲೇ ಶೇ. 28ರಷ್ಟು ಜನ ಮೂರು ತಿಂಗಳ ನಂತರ ಆ ತೊಂದರೆ ಹೇಳಿದರು. ಹೆಚ್ಚಿನವರಿಗೆ ವರ್ಷದೊಳಗೆ ಕಡಿಮೆಯಾಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ನಮ್ಮ ಜಿಲ್ಲೆಯಿಂದ ಗಲ್ಫ್‌ಗೆ ಹೋಗುವವರು ಎಷ್ಟು ಜನ! ಆಪರೇಷನ್ ಮಾಡಿಸಿ ವಾರದಲ್ಲಿ ವಿಮಾನ ಹತ್ತಿದರೆ ಒಣಹವೆ, ಎಸಿ, ಧೂಳು ಎಲ್ಲ ಒಟ್ಟಿಗೆ. ಮುಂದಿನ ತಪಾಸಣೆಯೂ ತಪ್ಪುತ್ತದೆ. ರಜೆಯಲ್ಲಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕು.

ರಾತ್ರಿಯ ದೃಷ್ಟಿ ಇನ್ನೊಂದು. ಕತ್ತಲಲ್ಲಿ ಪಾಪೆ ಹಿಗ್ಗಿ, ಸವೆಸಿದ ಜಾಗದ ಅಂಚಿನ ಬೆಳಕೂ ಒಳಗೆ ಬರುತ್ತದೆ. ದೀಪದ ಸುತ್ತ ಬಳೆ, ಕಿರಣ, ಕಣ್ಣು ಕುಕ್ಕುವ ಝಗ ಕಾಣಬಹುದು. ಮಳೆಗಾಲದ ರಾತ್ರಿ ತಲಪಾಡಿಯಿಂದ ಕುಂಬಳೆಗೆ ಬೈಕ್ ಓಡಿಸುವವನಿಗೆ ಎದುರಿನ ಲಾರಿಯ ಹೆಡ್‌ಲೈಟ್ ಹೀಗೆ ಕಂಡರೆ? ಕಣ್ಣು ಪರೀಕ್ಷೆಯ ಬೋರ್ಡಿನ ಕೊನೆಯ ಸಾಲು ಓದಿದ ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ಅದೇ ಅಧ್ಯಯನದಲ್ಲಿ ಶೇ. 95ಕ್ಕಿಂತ ಹೆಚ್ಚು ಜನ ಫಲಿತಾಂಶದಿಂದ ತೃಪ್ತರಾಗಿದ್ದರು ಎಂಬುದನ್ನೂ ಹೇಳಬೇಕು, ಸುಮ್ನೆ ಹೆದರಿಸಬಾರದು.

ಕಬಡ್ಡಿ ಆಡುವವರಿಗೆ ಫ್ಲ್ಯಾಪ್ ಒಳ್ಳೆಯದಲ್ಲ, ಪೆಟ್ಟು ಬಿದ್ದರೆ ಜರುಗಬಹುದು. ಅವರಿಗೆ ಫ್ಲ್ಯಾಪ್ ಇಲ್ಲದ ಪಿಆರ್‌ಕೆ ಎಂಬ ಲೇಸರ್ ವಿಧಾನ ಇದೆ. ಮೂರು ನಾಲ್ಕು ದಿನ ನೋವು ಜಾಸ್ತಿ, ಕಾರ್ನಿಯಾ ಮಸುಕಾಗುವ ಅಪಾಯವೂ ಸ್ವಲ್ಪ ಇದೆ. ಸ್ಮೈಲ್ ಎಂಬ ಇನ್ನೊಂದು ಲೇಸರ್ ವಿಧಾನದಲ್ಲಿ ಫ್ಲ್ಯಾಪ್ ಬದಲು ಸಣ್ಣ ಸೀಳು ಮಾತ್ರ.

ಸೋಂಕು ಅಪರೂಪ. ಆದರೂ ಮೊದಲ ವಾರಗಳಲ್ಲಿ ಕೆರೆ ನೀರು, ಗುಡ್ಡ ಕೊರೆದು ತೆಗೆದ ಸುರಂಗದ ನೀರು ಕಣ್ಣಿಗೆ ತಾಗಬಾರದು. ಅಡಿಕೆಗೆ ಬೋರ್ಡೋ ಮದ್ದು ಬಿಡುವ ಕಾಲದಲ್ಲಿ ತೋಟದ ಕಡೆ ಹೋಗಲೇಬಾರದು. ಸುಣ್ಣ, ಮೈಲುತುತ್ತ ಎರಡೂ ಅದರಲ್ಲಿವೆ.

ನಲವತ್ತು ದಾಟಿದ ಮೇಲೆ ಓದಲು ಕನ್ನಡಕ ಹೇಗೂ ಬರುತ್ತದೆ. ಲೇಸರ್ ಅದನ್ನು ತಡೆಯುವುದಿಲ್ಲ. ಕಾರ್ನಿಯಾ ತೆಳುವಾದ್ದರಿಂದ ಕಣ್ಣಿನ ಒತ್ತಡದ ಅಳತೆ ಇದ್ದದ್ದಕ್ಕಿಂತ ಕಡಿಮೆ ತೋರಿಸಬಹುದು. ಮುಂದೆ ಪೊರೆ ಬಂದು ಲೆನ್ಸ್ ಹಾಕುವಾಗ ಲೆನ್ಸಿನ ಪವರ್ ಲೆಕ್ಕವೂ ತಪ್ಪಬಹುದು. ಆಪರೇಷನ್‌ಗೆ ಮುಂಚಿನ ಅಳತೆಗಳಿದ್ದರೆ ಆಗ ಉಪಯೋಗಕ್ಕೆ ಬರುತ್ತವೆ. ಹಾಗಾಗಿ ಆ ಸ್ಕ್ಯಾನ್ ಕಾಗದಗಳನ್ನು ಕೇಳಿ ತೆಗೆದುಕೊಂಡು, ಜಾಗದ ಪತ್ರ ಇಡುವ ಕಪಾಟಿನಲ್ಲೇ ಇಡಲು ಹೇಳಿ.