ಒಬ್ಬನೇ ಗಿರಾಕಿಯನ್ನು ನಂಬಿದ್ದ ಮಾಲ್ಡೋವಾ ವೈನ್

2006ರ ಮಾರ್ಚ್ ಕೊನೆಯ ವಾರ ರಷ್ಯಾ ಒಂದು ಆದೇಶ ಹೊರಡಿಸಿತು. ಮಾಲ್ಡೋವಾ ಮತ್ತು ಜಾರ್ಜಿಯಾದ ವೈನ್ ಇನ್ನು ದೇಶದೊಳಗೆ ಬರುವ ಹಾಗಿಲ್ಲ ಎಂದಿತು. ಕೀಟನಾಶಕದ ಅಂಶ ಸಿಕ್ಕಿದೆ ಎನ್ನುವುದು ಅದು ಕೊಟ್ಟ ಕಾರಣ. ಎರಡೂ ದೇಶಗಳು ಇದು ಬರೀ ರಾಜಕೀಯ ಎಂದವು. ಕಾರಣ ಏನೇ ಇರಲಿ, ಪೆಟ್ಟು ಮಾತ್ರ ಭಾರೀ ಆಗಿತ್ತು. ಮಾಲ್ಡೋವಾ ಹೊರಗೆ ಮಾರುತ್ತಿದ್ದ ವೈನ್‌ನಲ್ಲಿ ನೂರಕ್ಕೆ ಸುಮಾರು 80 ಪಾಲು ಹೋಗುತ್ತಿದ್ದದ್ದು ರಷ್ಯಾಕ್ಕೇ. ಇಡೀ ಫಸಲನ್ನು ಒಬ್ಬನೇ ಮಂಡಿ ವ್ಯಾಪಾರಿಗೆ ಹಾಕುವ ರೈತನ ಪಾಡು ಅದು. ಅವನು ಬೇಡ ಅಂದ ದಿನ ಹೋಗಲು ಇನ್ನೊಂದು ಬಾಗಿಲೇ ಇರುವುದಿಲ್ಲ.

ಈ ಅವಲಂಬನೆ ಸುಮ್ನೆ ಬಂದದ್ದಲ್ಲ. ರೊಮೇನಿಯಾ ಮತ್ತು ಉಕ್ರೇನ್ ನಡುವಿನ ಈ ಪುಟ್ಟ ದೇಶದ ಮಣ್ಣು ದ್ರಾಕ್ಷಿಗೆ ಹೇಳಿ ಮಾಡಿಸಿದ್ದು. ಪುರ್ಕಾರಿ ಊರಿನ ವೈನರಿ 1827ರಷ್ಟು ಹಳೆಯದು. ಸೋವಿಯತ್ ಕಾಲದಲ್ಲಿ ಮಾಲ್ಡೋವಾ ಇಡೀ ಒಕ್ಕೂಟಕ್ಕೆ ವೈನ್ ಪೂರೈಸುವ ತೋಟವಾಯಿತು. ಅಲ್ಲಿ ಲೆಕ್ಕಕ್ಕೆ ಬರುತ್ತಿದ್ದದ್ದು ಎಷ್ಟು ಲೀಟರ್ ಎನ್ನುವುದು. ಅಗ್ಗದ, ಅರೆಸಿಹಿ ವೈನ್‌ಗೆ ಬೇಡಿಕೆ ಜಾಸ್ತಿ ಇತ್ತು. ಕೊಳ್ಳುವವರು ಯಾರು, ಅವರ ರುಚಿ ಏನು ಎಂದು ವೈನರಿಗಳು ಹುಡುಕಿಕೊಂಡು ಹೋಗಬೇಕಾದ ಅಗತ್ಯವೇ ಇರಲಿಲ್ಲ. 1985ರಲ್ಲಿ ಗೊರ್ಬಚೇವ್ ಮದ್ಯಪಾನದ ವಿರುದ್ಧ ಅಭಿಯಾನ ಶುರು ಮಾಡಿದಾಗ ಸಾವಿರಾರು ಹೆಕ್ಟೇರ್ ದ್ರಾಕ್ಷಿ ಬಳ್ಳಿಗಳನ್ನು ಕಿತ್ತುಹಾಕಲಾಯಿತು.

1991ರಲ್ಲಿ ಸ್ವಾತಂತ್ರ್ಯ ಬಂತು, ಗಿರಾಕಿ ಬದಲಾಗಲಿಲ್ಲ. ಸಾಮೂಹಿಕ ಕೃಷಿ ಕ್ಷೇತ್ರಗಳ ನೆಲವನ್ನು ಜನರಿಗೆ ಹಂಚಿದರು. ಅದು ನ್ಯಾಯವೇ. ಆದರೆ ತೋಟಗಳು ಚೂರು ಚೂರಾದವು. ವೈನರಿಗಳು ಹತ್ತಾರು ಕೈಗಳಿಂದ ದ್ರಾಕ್ಷಿಯನ್ನು ತೂಕಕ್ಕೆ ಕೊಳ್ಳುತ್ತಿದ್ದವು. ತೂಕಕ್ಕೆ ದುಡ್ಡು ಸಿಗುವಾಗ ರೈತ ಬಳ್ಳಿಯಲ್ಲಿ ಗೊಂಚಲು ಕಡಿಮೆ ಮಾಡಿ ಗುಣಮಟ್ಟ ಹೆಚ್ಚಿಸಲು ಯಾಕೆ ಹೋಗುತ್ತಾನೆ? ಒಳ್ಳೆಯ ವೈನ್ ಹುಟ್ಟುವುದು ತೋಟದಲ್ಲಿ. ಅಲ್ಲೇ ಕೊಂಡಿ ಕಳಚಿತ್ತು.

ಇನ್ನೊಂದು ವಿಚಿತ್ರ ನೋಡಿ. ಮಾಲ್ಡೋವಾದ ಮಿಲೆಸ್ತಿ ಮಿಚಿ ಎಂಬ ವೈನರಿಯ ಸುಣ್ಣಕಲ್ಲಿನ ಸುರಂಗಗಳಲ್ಲಿ ಸುಮಾರು 15 ಲಕ್ಷ ಬಾಟಲಿಗಳಿವೆ. ಜಗತ್ತಿನ ಅತಿ ದೊಡ್ಡ ವೈನ್ ಸಂಗ್ರಹ ಎಂದು 2005ರಲ್ಲಿ ಗಿನ್ನೆಸ್ ದಾಖಲೆ ಸೇರಿತು. ಅಂಥ ದೇಶದ ಹೆಸರು ಪಶ್ಚಿಮ ಯುರೋಪಿನ ಅಂಗಡಿಗಳಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ.

ಅಗ್ಗವಾಗಿ ಮಾರಿದರೆ ಪೈಪೋಟಿಯಲ್ಲಿ ಉಳಿಯಬಹುದು ಎನ್ನುವವರಿದ್ದಾರೆ. ಸಣ್ಣ ದೇಶಕ್ಕೆ ಅದು ಬಲೆ ಅಂತಲೇ ನನ್ನ ನಂಬಿಕೆ. ಜಗತ್ತಿನ ವೈನ್‌ನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಇಟಲಿ, ಫ್ರಾನ್ಸ್, ಸ್ಪೇನ್ ಈ ಮೂರೇ ದೇಶಗಳು ತಯಾರಿಸುತ್ತವೆ. ಅವರ ರೈತರಿಗೆ ಐರೋಪ್ಯ ಒಕ್ಕೂಟದ ನೆರವೂ ಇದೆ. ಪ್ರಮಾಣದಲ್ಲಿ ಅವರನ್ನು ಸುಮಾರು 25 ಲಕ್ಷ ಜನರ ದೇಶ ಗೆಲ್ಲುವುದು ಹೇಗೆ? ಟ್ಯಾಂಕರ್‌ನಲ್ಲಿ ಸಗಟಾಗಿ ಹೋದ ವೈನ್‌ಗೆ ಬೇರೆ ಯಾರೋ ಬಾಟಲಿ ತುಂಬಿ ತಮ್ಮ ಲೇಬಲ್ ಅಂಟಿಸುತ್ತಾರೆ. ಲಾಭವೂ ಹೆಸರೂ ಅವರಿಗೇ.

ನಿಷೇಧ 2007ರಲ್ಲಿ ಸಡಿಲವಾಯಿತು. ಹಳೇ ದಾರಿಗೆ ಮರಳುವ ಆಸೆ ಸಹಜ, ಅಲ್ವಾ? ಆದರೆ 2013ರ ಸೆಪ್ಟೆಂಬರ್‌ನಲ್ಲಿ, ಐರೋಪ್ಯ ಒಕ್ಕೂಟದ ಜೊತೆಗಿನ ಒಪ್ಪಂದ ಹತ್ತಿರವಾದಾಗ, ರಷ್ಯಾ ಮತ್ತೆ ಬಾಗಿಲು ಹಾಕಿತು. ಈ ಸಲ ಮಾಲ್ಡೋವಾ ಅಷ್ಟು ಬರಿಗೈಯಲ್ಲಿ ಇರಲಿಲ್ಲ. ಐರೋಪ್ಯ ಹೂಡಿಕೆ ಬ್ಯಾಂಕಿನ ಸಾಲದಿಂದ ತೋಟ, ಯಂತ್ರಗಳ ನವೀಕರಣ ಆಗಲೇ ಶುರುವಾಗಿತ್ತು. ಅದೇ ವರ್ಷ ದ್ರಾಕ್ಷಿ ಮತ್ತು ವೈನ್‌ಗೆಂದು ರಾಷ್ಟ್ರೀಯ ಕಚೇರಿ ಹುಟ್ಟಿತು. ವೈನರಿಗಳ ವಂತಿಗೆ, ಸರ್ಕಾರದ ಹಣ ಎರಡೂ ಸೇರಿ ನಡೆಯುವ ಸಂಸ್ಥೆ ಅದು. ಎಲ್ಲರೂ 'ವೈನ್ ಆಫ್ ಮಾಲ್ಡೋವಾ' ಎಂಬ ಒಂದೇ ಹೆಸರಿನಡಿ ಮೇಳಗಳಿಗೆ ಹೋಗತೊಡಗಿದರು. ಕೊದ್ರು, ಸ್ತೆಫಾನ್ ವೊದಾದಂಥ ಪ್ರದೇಶಗಳ ಹೆಸರು ಲೇಬಲ್ ಮೇಲೆ ಬಂತು. ಫೆತೆಯಾಸ್ಕಾ ನ್ಯಾಗ್ರಾ, ರಾರಾ ನ್ಯಾಗ್ರಾ ಎಂಬ ಸ್ಥಳೀಯ ತಳಿಗಳಿಗೆ ಮರ್ಯಾದೆ ಸಿಕ್ಕಿತು. ನನಗೆ ಇದೇ ದೊಡ್ಡ ತಿರುವು ಅನ್ನಿಸುತ್ತದೆ. ಕ್ಯಾಬರ್ನೆಯಂಥ ಹೆಸರಾಂತ ದ್ರಾಕ್ಷಿ ತಳಿ ಎಲ್ಲ ಕಡೆಯೂ ಸಿಗುತ್ತದೆ, ರಾರಾ ನ್ಯಾಗ್ರಾ ಸಿಗುವುದಿಲ್ಲ.

2014ರ ಜನವರಿ 1ರಿಂದ ಐರೋಪ್ಯ ಒಕ್ಕೂಟ ಮಾಲ್ಡೋವಾ ವೈನ್‌ಗೆ ಮಾರುಕಟ್ಟೆಯನ್ನು ಪೂರ್ತಿ ತೆರೆಯಿತು. ಇವತ್ತು ರೊಮೇನಿಯಾ, ಪೋಲೆಂಡ್, ಜೆಕ್ ದೇಶಗಳು ದೊಡ್ಡ ಗಿರಾಕಿಗಳು. ಪುರ್ಕಾರಿ ಕಂಪನಿ 2018ರಲ್ಲಿ ಬುಕಾರೆಸ್ಟ್ ಷೇರುಪೇಟೆಗೂ ಬಂತು.

ಅದೇ ಪೆಟ್ಟು ತಿಂದ ಜಾರ್ಜಿಯಾದ ದಾರಿ ಬೇರೆಯಾಯಿತು. 8,000 ವರ್ಷಗಳ ವೈನ್ ಪರಂಪರೆ ಅವರದು. ಮಣ್ಣಿನ ದೊಡ್ಡ ಹಂಡೆಯನ್ನು ನೆಲದಲ್ಲಿ ಹೂತು ವೈನ್ ಮಾಡುವ ವಿಧಾನವನ್ನು 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿತು. ಅದೇ ವರ್ಷ ರಷ್ಯಾ ಮಾರುಕಟ್ಟೆ ಮತ್ತೆ ತೆರೆಯಿತು. ರಫ್ತು ಭರ್ಜರಿಯಾಗಿ ಏರಿತು, ಆದರೆ ಅದರ ಸುಮಾರು ಮೂರನೇ ಎರಡು ಪಾಲು ಈಗ ಮತ್ತೆ ಹೋಗುತ್ತಿರುವುದು ರಷ್ಯಾಕ್ಕೆ. ಅಂಕಿ ನೋಡಿದರೆ ಜಾರ್ಜಿಯಾ ಮುಂದಿದೆ. ಆದರೆ ಆ ಅಂಕಿ ಎಷ್ಟು ದಿನ ನಿಲ್ಲುತ್ತದೆ ಎನ್ನುವುದು ಮಾಸ್ಕೋದ ಕೈಯಲ್ಲಿದೆ.

ಮಾಲ್ಡೋವಾದ ಕೆಲಸವೂ ಮುಗಿದಿಲ್ಲ. 2022ರಲ್ಲಿ ಉಕ್ರೇನ್ ಯುದ್ಧದಿಂದ ಒಡೆಸ್ಸಾ ಬಂದರಿನ ದಾರಿ ಕಟ್ಟಾಗಿ ಸಾಗಣೆ ದುಬಾರಿಯಾಯಿತು. ಈಗಲೂ ಒಳ್ಳೆಯ ಪ್ರಮಾಣದ ವೈನ್ ಸಗಟಾಗಿ, ಹೆಸರಿಲ್ಲದೆ ಗಡಿ ದಾಟುತ್ತದೆ. ಅದರಲ್ಲಿ ಒಂದಿಷ್ಟಾದರೂ ಸ್ವಂತ ಲೇಬಲ್‌ನ ಬಾಟಲಿಗೆ ಬಂದರೆ ದ್ರಾಕ್ಷಿ ಬೆಳೆದ ರೈತನಿಗೂ ಒಳ್ಳೆ ಬೆಲೆ ಕೇಳುವ ಬಲ ಬರುತ್ತದೆ.