ಬಹುಮತಕ್ಕೆ ಬೇಡವಾದ ಮಾತನ್ನು ಸರ್ಕಾರ ಯಾಕೆ ಕಾಯಬೇಕು?

ಪ್ರಶ್ನೆ: ಪ್ರಜಾಪ್ರಭುತ್ವ ಅಂದ್ರೆ ಬಹುಮತದ ಆಡಳಿತ ತಾನೇ? ಹೆಚ್ಚಿನ ಜನಕ್ಕೆ ಬೇಡವಾದ ಅಭಿಪ್ರಾಯವನ್ನು ತಡೆದರೆ ಏನು ತಪ್ಪು?

ತಪ್ಪೇ. ಬಹುಮತ ಸರ್ಕಾರವನ್ನು ಆರಿಸಬಹುದು, ಇನ್ನೊಬ್ಬರ ಬಾಯಿ ಮುಚ್ಚಿಸುವಂತಿಲ್ಲ. ಇದಕ್ಕೆ ಕೇರಳದ ಮೂವರು ಶಾಲಾ ಮಕ್ಕಳ ಕೇಸ್ ನೋಡಿ.

ಆ ಮಕ್ಕಳು ಯೆಹೋವನ ಸಾಕ್ಷಿಗಳು ಎಂಬ ಸಣ್ಣ ಕ್ರೈಸ್ತ ಪಂಗಡದವರು. ಶಾಲೆಯಲ್ಲಿ ರಾಷ್ಟ್ರಗೀತೆ ಹಾಡುವಾಗ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುವುದು ತಮ್ಮ ನಂಬಿಕೆಗೆ ಒಪ್ಪದು ಅಂತ ಸುಮ್ಮನಿರುತ್ತಿದ್ದರು. ವಿಷಯ ವಿಧಾನಸಭೆಯವರೆಗೂ ಹೋಯಿತು. ಮಕ್ಕಳು ಯಾವ ಅಗೌರವವನ್ನೂ ತೋರಿಸಿಲ್ಲ ಅಂತ ವಿಚಾರಣೆಯಲ್ಲಿ ಗೊತ್ತಾದರೂ 1985ರ ಜುಲೈನಲ್ಲಿ ಅವರನ್ನು ಶಾಲೆಯಿಂದ ಹೊರಹಾಕಿದರು. ಹೈಕೋರ್ಟಿನಲ್ಲೂ ನ್ಯಾಯ ಸಿಗಲಿಲ್ಲ. ಒಂದು ವರ್ಷದ ಮೇಲೆ, 1986ರ ಆಗಸ್ಟ್‌ನಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ಪೀಠ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದಿತು. ಹಾಡಲೇಬೇಕು ಅನ್ನುವ ಕಾನೂನೇ ಇಲ್ಲ, ಇಲಾಖೆಯ ಸುತ್ತೋಲೆಯಿಂದ ಮೂಲಭೂತ ಹಕ್ಕು ಕಿತ್ತುಕೊಳ್ಳಲು ಬರುವುದಿಲ್ಲ. ನನಗೆ ತುಂಬಾ ದೊಡ್ಡದು ಅನಿಸುವುದು ಇನ್ನೊಂದು ಮಾತು: ಆ ನಂಬಿಕೆ ನಮಗೆ ಸರಿ ಅನಿಸುತ್ತದಾ ಅನ್ನೋದು ಪ್ರಶ್ನೆಯೇ ಅಲ್ಲ, ಅವರು ಅದನ್ನು ಪ್ರಾಮಾಣಿಕವಾಗಿ ನಂಬಿದ್ದಾರಾ ಅಷ್ಟೇ ಮುಖ್ಯ.

ಹಾಗಂತ ಏನು ಬೇಕಾದರೂ ಹೇಳಬಹುದು ಅಂತಲ್ಲ. ಸಂವಿಧಾನದ 19(2)ನೇ ವಿಧಿ ಮಾತಿಗೆ ಮಿತಿ ಹಾಕಲು ಕಾರಣಗಳನ್ನು ಹೆಸರಿಸಿಯೇ ಹೇಳಿದೆ: ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ, ಹೀಗೆ. ಬಹಳ ಜನಕ್ಕೆ ಇಷ್ಟವಾಗಲಿಲ್ಲ ಅನ್ನೋದು ಅದರಲ್ಲಿಲ್ಲ.

‘ಆದರೆ ಗಲಾಟೆ ಆಗುತ್ತಲ್ಲ’ ಅಂತ ಕೇಳುವವರು ಜಾಸ್ತಿ. ಮೀಸಲಾತಿ ನೀತಿಯನ್ನು ಟೀಕಿಸಿದ ಒಂದು ತಮಿಳು ಸಿನಿಮಾದ ಕೇಸಿನಲ್ಲಿ, 1989ರಲ್ಲೇ, ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಸಿಟ್ಟಿಗೆದ್ದ ಜನರನ್ನು ನಿಭಾಯಿಸಲು ಆಗಲ್ಲ ಅಂತ ಸರ್ಕಾರ ಕೈಚೆಲ್ಲುವಂತಿಲ್ಲ, ನಿಭಾಯಿಸುವುದೇ ಅದರ ಕೆಲಸ. ಬೆದರಿಸಿದವನನ್ನು ಬಿಟ್ಟು ಮಾತಾಡಿದವನನ್ನು ತಡೆದರೆ, ನಾಳೆ ಎಲ್ಲರೂ ಬೆದರಿಸಲು ಕಲಿಯುತ್ತಾರೆ, ಅಲ್ವಾ?

2025ರಲ್ಲಿ ಇದು ನಮ್ಮ ಬಾಗಿಲಿಗೇ ಬಂತು. ಕನ್ನಡ ತಮಿಳಿನಿಂದ ಹುಟ್ಟಿತು ಅಂತ ಕಮಲ್ ಹಾಸನ್ ಹೇಳಿದರು, ಇಲ್ಲಿ ಅವರ ಸಿನಿಮಾ ಬಿಡುಗಡೆಯಾಗಲಿಲ್ಲ. ಆ ಮಾತು ತಪ್ಪು, ನನಗೂ ಸಿಟ್ಟು ಬಂದಿತ್ತು. ಆದರೂ ಸುಪ್ರೀಂ ಕೋರ್ಟ್ ಜೂನ್‌ನಲ್ಲಿ ಕರ್ನಾಟಕ ಸರ್ಕಾರಕ್ಕೆ ಹೇಳಿದ್ದು ಸರಿ: ಸೆನ್ಸಾರ್ ಪ್ರಮಾಣಪತ್ರ ಸಿಕ್ಕ ಸಿನಿಮಾವನ್ನು ಗುಂಪಿನ ಬೆದರಿಕೆಗೆ ಹೆದರಿ ನಿಲ್ಲಿಸುವಂತಿಲ್ಲ. ನಾವು ಸಿನಿಮಾ ನೋಡದೆ ಇರಬಹುದು, ಶಾಂತವಾಗಿ ಪ್ರತಿಭಟಿಸಬಹುದು, ಭಾಷಾ ಇತಿಹಾಸದ ಆಧಾರ ಇಟ್ಟು ಅವರ ಮಾತನ್ನು ಸುಳ್ಳೆಂದು ತೋರಿಸಬಹುದು. ಅದಕ್ಕೂ ರಕ್ಷಣೆ ಕೊಡುವುದು ಇದೇ 19ನೇ ವಿಧಿ.